ಲೇಬಲ್ ಇಲ್ಲದ ಬಿಳಿ ಡಬ್ಬಿ

ಹೆಣ್ಣುಮಕ್ಕಳಿರುವ ಮನೆಯಲ್ಲಿ ಒಂದಲ್ಲ ಒಂದು ದಿನ ಈ ಜಗಳ ಇದ್ದದ್ದೇ. ಮಗಳಿಗೆ ಹನ್ನೆರಡೋ ಹದಿಮೂರೋ ತುಂಬುತ್ತದೆ. ಕನ್ನಡಿಯ ಮುಂದೆ ನಿಲ್ಲುವ ಹೊತ್ತು ಉದ್ದವಾಗುತ್ತದೆ. ಒಂದು ದಿನ ಲಿಪ್‌ಸ್ಟಿಕ್ ಕೇಳುತ್ತಾಳೆ. ತಾಯಿ ಬೇಡ ಎನ್ನುತ್ತಾಳೆ. ಕೋಣೆಯ ಬಾಗಿಲು ದಢಾರೆಂದು ಮುಚ್ಚಿಕೊಳ್ಳುತ್ತದೆ. ಅಲ್ಲಿಗೆ ವಿಷಯ ಮುಗಿಯಿತೆಂದು ತಾಯಿ ತಿಳಿಯುತ್ತಾಳೆ. ಕುದ್ರೋಳಿಯ ವೆರೋನಿಕಾ ಕೂಡ ಹಾಗೆಯೇ ತಿಳಿದಿದ್ದಳು.

ವೆರೋನಿಕಾ ನರ್ಸರಿ ಶಾಲೆಯಲ್ಲಿ ಟೀಚರ್. ಗಂಡ ಅಲೆಕ್ಸ್ ಪಣಂಬೂರಿನ ಬಂದರಿನಲ್ಲಿ ಕ್ರೇನ್ ನಡೆಸುತ್ತಾನೆ. ಒಬ್ಬಳೇ ಮಗಳು ರೀಮಾ, ಎಂಟನೇ ಕ್ಲಾಸು. ಅಲೆಕ್ಸನ ಅಣ್ಣ ವಾಲ್ಟರ್ ಇಪ್ಪತ್ತು ವರ್ಷದಿಂದ ಗಲ್ಫಿನಲ್ಲಿದ್ದಾನೆ. ಅವನ ಮಗ ಫ್ಲೋಯ್ಡ್‌ನ ಮದುವೆ ಜನವರಿಯಲ್ಲಿ ನಿಶ್ಚಯವಾಗಿತ್ತು. ರೀಮಾಳನ್ನು ಬ್ರೈಡ್ಸ್‌ಮೇಡ್ ಎಂದು ಆರಿಸಿದ್ದರು. ವಧುವಿನ ಹಿಂದೆ ಇಗರ್ಜಿಯ, ಅಂದರೆ ಚರ್ಚಿನ, ನಡುಹಾದಿಯಲ್ಲಿ ಹೂವು ಹಿಡಿದು ನಡೆಯಬೇಕು, ಊರಿಗೆ ಊರೇ ನೋಡುತ್ತದೆ. ಹುಡುಗಿ ನವೆಂಬರಿನಿಂದಲೇ ನೆಲದ ಮೇಲೆ ಕಾಲೂರುತ್ತಿರಲಿಲ್ಲ.

"ಮಮ್ಮಿ, ಮದುವೆಗೆ ಸ್ವಲ್ಪ ಲಿಪ್‌ಸ್ಟಿಕ್ ಹಾಕ್ಲಾ?"

"ಎಂತ ಲಿಪ್‌ಸ್ಟಿಕ್? ಎಸ್‌ಎಸ್‌ಎಲ್‌ಸಿ ಆಗ್ಲಿ. ಮತ್ತೆ ನೋಡುವ."

"ಕಾಡಿಗೆ ಆದ್ರೂ? ನನ್ನ ಕ್ಲಾಸಲ್ಲಿ ಎಲ್ಲರೂ ಹಾಕ್ತಾರೆ."

"ಕಾಡಿಗೆಯೂ ಇಲ್ಲ, ಲಿಪ್‌ಸ್ಟಿಕ್ಕೂ ಇಲ್ಲ. ಆ ಫ್ಯಾನ್ಸಿ ಅಂಗಡಿಯ ಮಾಲು ಯಾರು ಮಾಡಿದ್ದೋ, ಎಲ್ಲಿ ಮಾಡಿದ್ದೋ! ಮುಖ ಹಾಳಾದ್ರೆ ಯಾರು ಸರಿ ಮಾಡುದು?"

ವೆರೋನಿಕಾಳ ಮಾತಿನಲ್ಲಿ ತಪ್ಪಿರಲಿಲ್ಲ. ಬ್ರೆಡ್ಡಿನ ಪ್ಯಾಕೆಟಿನ ಮೇಲಿನ ತಾರೀಕು ನೋಡದೆ ಮನೆಯೊಳಗೆ ತಾರದ ಹೆಂಗಸು ಅವಳು. ಆದರೆ ಆ ಎಚ್ಚರಿಕೆಯೆಲ್ಲ ಅಂಗಡಿಯ ಸಾಮಾನಿಗೆ ಮಾತ್ರ ಇತ್ತು. ಗಲ್ಫಿನ ಪೆಟ್ಟಿಗೆಗೆ ಇರಲಿಲ್ಲ.

ಗಲ್ಫಿನ ಪೆಟ್ಟಿಗೆ ಎಂದರೆ ಏನೆಂದು ನಮ್ಮ ಊರಿನವರಿಗೆ ಹೇಳಬೇಕಾಗಿಲ್ಲ. ನೈಲಾನ್ ಹಗ್ಗ ಬಿಗಿದು, ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದ ರಟ್ಟಿನ ಪೆಟ್ಟಿಗೆ ಬಜಪೆ ವಿಮಾನ ನಿಲ್ದಾಣದಲ್ಲಿ ಇಳಿದು ಮನೆಗೆ ಬಂದರೆ ಸಂಬಂಧಿಕರೆಲ್ಲ ಸುತ್ತ ಕೂರುತ್ತಾರೆ. ತಂದವನೇ ಹಗ್ಗ ಕತ್ತರಿಸಬೇಕು, ಅವನೇ ಕೈಯೆತ್ತಿ ಹಂಚಬೇಕು. ಒಬ್ಬರಿಗೆ ಸೆಂಟು, ಒಬ್ಬರಿಗೆ ಹಾಲಿನ ಪುಡಿ, ಮಕ್ಕಳಿಗೆ ಚಾಕೊಲೇಟ್. ಕೊಟ್ಟದ್ದನ್ನು ತಿರುಗಿಸಿ ಮುರುಗಿಸಿ ನೋಡಿದರೆ ಮರ್ಯಾದೆಯಲ್ಲ. ಅದು ಏನು ಎಂದು ಕೇಳಿದರೆ ಇನ್ನೂ ಮರ್ಯಾದೆಯಲ್ಲ. ತೆಗೆದುಕೊಳ್ಳಬೇಕು, ನಗಬೇಕು.

ಮಗನ ಮದುವೆಗೆಂದು ವಾಲ್ಟರ್ ಊರಿಗೆ ಬಂದ. ನವೆಂಬರಿನ ಕೊನೆಯ ಭಾನುವಾರ ಕುಲಶೇಖರದಲ್ಲಿರುವ ಅವನ ಮನೆಯಲ್ಲಿ ಪೆಟ್ಟಿಗೆ ಬಿಚ್ಚಿದಾಗ ತಳದಲ್ಲಿ ಐದು ಬಿಳಿ ಡಬ್ಬಿಗಳಿದ್ದವು. ಚಿನ್ನದ ಬಣ್ಣದ ಮುಚ್ಚಳ. ಲೇಬಲ್ ಇಲ್ಲ. ಮುಚ್ಚಳದ ಮೇಲೆ ಹೂವಿನ ಚಿತ್ರದ ಒಂದು ಸಣ್ಣ ಸ್ಟಿಕ್ಕರು ಮಾತ್ರ.

"ಇದು ಬಣ್ಣ ಬರುವ ಕ್ರೀಮ್," ಎಂದ ವಾಲ್ಟರ್. "ನಮ್ಮ ಕ್ಯಾಂಪಿನ ಹತ್ತಿರದ ಅಂಗಡಿಯದ್ದು. ನನ್ನ ರೂಮಿನವರೆಲ್ಲ ಊರಿಗೆ ಇದನ್ನೇ ತಗೊಂಡು ಹೋಗುದು. ಹದಿನೈದು ದಿನದಲ್ಲಿ ನೋಡಿ ಬೇಕಾದ್ರೆ!"

ಒಂದು ಡಬ್ಬಿ ಮದುಮಗಳು ಲವಿಟಾಳಿಗೆ ಹೋಯಿತು. ಮೂರು ಬೇರೆ ಬೇರೆ ಸಂಬಂಧಿಕರಿಗೆ. ಕೊನೆಯದನ್ನು ವೆರೋನಿಕಾ ಕೇಳಿ ಪಡೆದಳು. "ಒಂದು ನನಗೂ ಕೊಡಿ ಭಾವ, ರೀಮಾಗೆ ಆಯ್ತು."

ಯಾಕೆ ಕೇಳಿದಳು ಎಂಬುದನ್ನು ಮುಚ್ಚಿಡಬಾರದು. ವೆರೋನಿಕಾ ಸ್ವಲ್ಪ ಕಪ್ಪು. ಹದಿನಾರು ವರ್ಷದ ಹಿಂದೆ ಅವಳನ್ನು ನೋಡಲು ಬಂದವರು ಹೊರಡುವಾಗ ಅಂಗಳದಲ್ಲಿ ಹೇಳಿದ ಮಾತು ಕಿಟಕಿಯಿಂದ ಅವಳ ಕಿವಿಗೆ ಬಿದ್ದಿತ್ತು. ಹುಡುಗಿ ಬಣ್ಣ ಸಾಲದು, ಆದರೆ ಟೀಚರ್ ಕೆಲಸ ಉಂಟಲ್ಲ, ಆಗಬಹುದು. ಮದುವೆಯೂ ಆಯಿತು, ಅಲೆಕ್ಸ್ ಒಳ್ಳೆಯ ಗಂಡನೂ ಹೌದು. ಆದರೂ ಆ ಮಾತು ಅವಳ ಎದೆಯಿಂದ ಇಳಿದಿರಲಿಲ್ಲ. ರೀಮಾ ಅವಳದ್ದೇ ಬಣ್ಣ ಪಡೆದು ಹುಟ್ಟಿದಳು. ಇಡೀ ಇಗರ್ಜಿ ನೋಡುವ ದಿನ ಮಗಳ ಬಗ್ಗೆ ಯಾರೂ ಅಂಥ ಮಾತು ಆಡಬಾರದು ಎಂದು ತಾಯಿ ಆಸೆಪಟ್ಟಳು. ಆಸೆ ಕೆಟ್ಟದ್ದಲ್ಲ. ಅದಕ್ಕೆ ಹಿಡಿದ ದಾರಿ ಕೆಟ್ಟದ್ದು.

ಅಂದಿನಿಂದ ದಿನಾ ಸಂಜೆ ಪ್ರಾರ್ಥನೆ ಮುಗಿದ ಮೇಲೆ ವೆರೋನಿಕಾ ಮಗಳನ್ನು ಎದುರಿಗೆ ಕೂರಿಸಿ ತನ್ನ ಬೆರಳಿನಿಂದಲೇ ಕ್ರೀಮ್ ಹಚ್ಚಿದಳು.

"ಇದು ಮೇಕಪ್ ಅಲ್ವಾ ಮಮ್ಮಿ?" ರೀಮಾ ಕೇಳಿದಳು.

"ಮೇಕಪ್ ಎಂತ? ಇದು ಕ್ರೀಮ್. ಸುಮ್ಮನೆ ಕೂತ್ಕೋ."

ಕ್ರೀಮ್ ಕೆಲಸ ಮಾಡಿತು. ಅದೇ ಕಷ್ಟವಾದದ್ದು. ಏನೂ ಆಗದಿದ್ದರೆ ಡಬ್ಬಿ ಮೂಲೆ ಸೇರುತ್ತಿತ್ತು. ಮೂರು ವಾರದಲ್ಲಿ ರೀಮಾಳ ಮುಖ ಬೆಳ್ಳಗಾಯಿತು. ಕ್ರಿಸ್ಮಸ್ಸಿಗೆ ಕುಸ್ವಾರಿನ ತಿಂಡಿ ತುಂಬಿದ ತಟ್ಟೆ ಹಿಡಿದು ಮನೆಮನೆಗೆ ಹೋದಾಗ ನೋಡಿದವರೆಲ್ಲ ಹೊಗಳಿದರು. "ಅಬ್ಬ, ಬಾಲೆ ಎಷ್ಟು ಬಿಳಿ ಆಗಿದ್ದಾಳೆ! ಎಂತ ಕೊಡ್ತೀರಿ ತಿನ್ಲಿಕ್ಕೆ?" ವೆರೋನಿಕಾ ಹಿಗ್ಗಿ ಹೀರೇಕಾಯಿಯಾದಳು. ಮನೆಗೆ ಬಂದು ಇನ್ನೊಂದು ಬೆರಳು ಹೆಚ್ಚೇ ಹಚ್ಚಿದಳು.

ಹೊಸ ವರ್ಷ ಕಳೆದ ಮೇಲೆ ರೀಮಾ ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಊದಿಕೊಂಡಿರುತ್ತಿತ್ತು. ಮೊಬೈಲು ನೋಡಿ ನಿದ್ದೆಗೆಟ್ಟದ್ದು ಎಂದು ತಾಯಿ ಬೈದಳು. ನಂತರ ಶಾಲೆಯ ಶೂ ಬಿಗಿಯಾಯಿತು. ಬೆಳೆಯುವ ವಯಸ್ಸು ಎಂದುಕೊಂಡಳು. ಮದುವೆಗೆ ಹೊಲಿಸಿದ ಗೌನು ಸೊಂಟದಲ್ಲಿ ಹಿಡಿಯಿತು. ಕುಸ್ವಾರ್ ತಿಂದದ್ದು ಹೆಚ್ಚಾಯಿತು ಎಂದು ತಿಂಡಿಯ ಡಬ್ಬ ಎತ್ತಿ ಅಟ್ಟದಲ್ಲಿಟ್ಟಳು. ಪ್ರತಿಯೊಂದಕ್ಕೂ ಒಂದೊಂದು ಕಾರಣ ಸಿಕ್ಕಿತು. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡುವ ಮನಸ್ಸು ಮಾತ್ರ ಬರಲಿಲ್ಲ.

ನೋಡಿದ್ದು ಕುಶಲಾ.

ಕುಶಲಾ ಆ ವಾರ್ಡಿನ ಆಶಾ ಕಾರ್ಯಕರ್ತೆ. ಮಲೇರಿಯಾದ ಸೊಳ್ಳೆಮರಿ ಹುಡುಕಲು ಟ್ಯಾಂಕು, ಡ್ರಮ್ಮು, ಹೂಕುಂಡದ ತಟ್ಟೆ ಎಲ್ಲ ಇಣುಕಿ ನೋಡುವ ಹೆಂಗಸು. ಅವಳು ಬಂದರೆ ಕೆಲವರು ಗೇಟು ತೆರೆಯಲು ತಡಮಾಡುತ್ತಾರೆ, ಅದು ಅವಳಿಗೂ ಗೊತ್ತು, ಬರುವುದು ಬಿಡುವುದಿಲ್ಲ. ವೆರೋನಿಕಾಳಿಗೂ ಅವಳಿಗೂ ಹತ್ತು ವರ್ಷದ ಸ್ನೇಹ. ಇಬ್ಬರೂ ಮಾತಾಡುವುದು ತುಳುವಿನಲ್ಲಿ. ಎಲ್ಲರಿಗೂ ತಿಳಿಯಲಿ ಎಂದು ಇಲ್ಲಿ ಕನ್ನಡದಲ್ಲಿ ಬರೆದಿದೆ.

ಆ ಬೆಳಿಗ್ಗೆ ಡ್ರಮ್ಮು ನೋಡಿ ಮುಗಿಸಿ ಬಂದ ಕುಶಲಾ ಜಗಲಿಯಲ್ಲಿ ಕೂತ ರೀಮಾಳನ್ನು ಕಂಡಳು. ಮುಖ ನೋಡಿದಳು. ಮಾತಿಲ್ಲದೆ ಬಗ್ಗಿ, ಹುಡುಗಿಯ ಮೊಣಕಾಲ ಕೆಳಗಿನ ಎಲುಬಿನ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದಳು. ಬೆರಳು ತೆಗೆದಾಗ ಅಲ್ಲೊಂದು ಗುಳಿ ಬಿದ್ದಿತ್ತು. ಅದು ಮೇಲೆ ಬರಲೇ ಇಲ್ಲ.

"ಬಾಲೆ, ಮೂತ್ರ ಮಾಡುವಾಗ ನೊರೆ ಬರ್ತದಾ? ಸೋಪಿನ ನೊರೆಯ ಹಾಗೆ?"

ರೀಮಾ ತಾಯಿಯ ಮುಖ ನೋಡಿ, ತಲೆ ತಗ್ಗಿಸಿ, ಹೌದು ಎಂದಳು.

"ವೆರೋನಿಕಾ, ಇವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗು. ನಾಳೆ ಅಂತ ಇಡ್ಬೇಡ. ಕಿಡ್ನಿಯ ತೊಂದರೆ ಇರ್ಬಹುದು."

"ಎಂತ ಕುಶಲಕ್ಕ, ಹೆದರಿಸ್ತೀರಿ! ಮದುವೆಗೆ ಒಂಬತ್ತು ದಿನ ಉಂಟು."

"ಅದಕ್ಕೇ ಹೇಳುದು. ಒಂದು ವಿಷಯ ಕೇಳ್ತೇನೆ. ಇವಳ ಮುಖಕ್ಕೆ ಎಂತದಾದ್ರೂ ಹಚ್ತಾ ಇದ್ದೀಯಾ? ಮುಖ ಒಂದು ಬಣ್ಣ, ಕುತ್ತಿಗೆ ಒಂದು ಬಣ್ಣ ಉಂಟಲ್ಲ."

"ಎಂತದ್ದೂ ಇಲ್ಲ," ಎಂದಳು ವೆರೋನಿಕಾ. "ಪೌಡರ್ ಅಷ್ಟೆ."

ಸುಳ್ಳು ಅಷ್ಟು ಬೇಗ ಬಾಯಿಗೆ ಬಂದದ್ದು ಅವಳಿಗೇ ಆಶ್ಚರ್ಯ. ಮಗಳನ್ನು ಬೆಳ್ಳಗೆ ಮಾಡಲು ಹೊರಟಿದ್ದೇನೆ ಎಂದು ಬಾಯಿಬಿಟ್ಟು ಹೇಳಲು ನಾಚಿಕೆಯಾಯಿತು. ಲಿಪ್‌ಸ್ಟಿಕ್ಕಿಗೆ ಬೈದವಳು ತಾನೇ.

ಆಸ್ಪತ್ರೆಯಲ್ಲಿ ಮೂತ್ರ ಪರೀಕ್ಷೆ ಮಾಡಿದರು. ದೇಹದಲ್ಲಿ ಉಳಿಯಬೇಕಾದ ಪ್ರೋಟೀನು ಮೂತ್ರದಲ್ಲಿ ಸೋರಿ ಹೋಗುತ್ತಿತ್ತು. ಡಾಕ್ಟರಮ್ಮ ಆ ದಿನವೇ ರೀಮಾಳನ್ನು ವಾರ್ಡಿಗೆ ಸೇರಿಸಿದರು. ಒಂದೊಂದಾಗಿ ಕೇಳಿದರು. ಜ್ವರ ಬಂದಿತ್ತಾ? ನೋವಿನ ಮಾತ್ರೆ ಕೊಟ್ಟಿದ್ದೀರಾ? ನಾಟಿ ಔಷಧ? ಮುಖಕ್ಕೆ, ಮೈಗೆ ಯಾವುದಾದರೂ ಕ್ರೀಮ್?

"ಇಲ್ಲ ಡಾಕ್ಟ್ರೇ," ಎಂದಳು ವೆರೋನಿಕಾ, ಎರಡನೇ ಸಲ.

ಮಂಚದ ಮೇಲಿದ್ದ ರೀಮಾ ತಾಯಿಯನ್ನೇ ನೋಡುತ್ತಿದ್ದಳು. ಬಾಯಿ ತೆರೆಯಲಿಲ್ಲ. ದೊಡ್ಡವರ ಮುಂದೆ ದೊಡ್ಡವರ ಮಾತನ್ನು ಕತ್ತರಿಸಬಾರದು ಎಂದು ಅವಳಿಗೆ ಕಲಿಸಿದ್ದು ಇದೇ ತಾಯಿ.

"ಕಾರಣ ಗೊತ್ತಾಗ್ತಾ ಇಲ್ಲ," ಎಂದರು ಡಾಕ್ಟರಮ್ಮ. "ನಾಡಿದ್ದು ಕಿಡ್ನಿಗೆ ಸೂಜಿ ಹಾಕಿ ಸಣ್ಣ ತುಣುಕು ತೆಗೆದು ನೋಡ್ಬೇಕಾಗ್ತದೆ."

ಸೂಜಿ ಎಂಬ ಮಾತು ಕೇಳಿ ಅಲೆಕ್ಸ್ ವಾರ್ಡಿನಿಂದ ಹೊರಗೆ ಹೋದ. ಹಡಗಿನಿಂದ ಟನ್ನುಗಟ್ಟಲೆ ಭಾರ ಎತ್ತುವವನಿಗೆ ಆ ಒಂದು ಮಾತು ಹೊರಲು ಆಗಲಿಲ್ಲ.

ಮರುದಿನ ಸಂಜೆ ಕುಶಲಾ ಆಸ್ಪತ್ರೆಗೆ ಬಂದಳು. ರೀಮಾ ಕಣ್ಣು ಮುಚ್ಚಿ ಮಲಗಿದ್ದಳು. ಕುಶಲಾ ಸ್ಟೂಲು ಎಳೆದು ವೆರೋನಿಕಾಳ ಪಕ್ಕದಲ್ಲೇ ಕೂತಳು.

"ನಿನ್ನೆ ಕೇಳಿದ್ದನ್ನೇ ಮತ್ತೆ ಕೇಳ್ತೇನೆ. ಬೇಜಾರು ಮಾಡ್ಬೇಡ. ಕ್ರೀಮ್ ಉಂಟಾ, ಇಲ್ವಾ?"

ವೆರೋನಿಕಾ ಮಗಳ ಮಂಚದ ಕಡೆ ಒಮ್ಮೆ ನೋಡಿದಳು. ನಂತರ ದನಿ ತಗ್ಗಿಸಿ ಎಲ್ಲ ಹೇಳಿದಳು. ಪೆಟ್ಟಿಗೆ, ಡಬ್ಬಿ, ದಿನಾ ಸಂಜೆ ಹಚ್ಚಿದ್ದು.

"ಅಯ್ಯೋ ದೇವೆರೆ," ಎಂದಳು ಕುಶಲಾ. "ಅಂಥ ಡಬ್ಬಿಯಲ್ಲಿ ಪಾದರಸ ಇರ್ತದೆ ಮಾರಾಯ್ತಿ. ಮುಖ ಬೇಗ ಬೆಳ್ಳಗೆ ಮಾಡ್ಲಿಕ್ಕೆ ಕೆಲವರು ಅದನ್ನು ಹಾಕ್ತಾರೆ. ನಮಗೆ ತರಬೇತಿಯಲ್ಲಿ ಹೇಳಿದ್ದಾರೆ. ಅದು ಕಿಡ್ನಿಯನ್ನೇ ಹಿಡಿಯುದು."

"ಮುಖಕ್ಕೆ ಹಚ್ಚಿದ್ದು ಕಿಡ್ನಿಗೆ ಹೇಗೆ ಹೋಗ್ತದೆ ಕುಶಲಕ್ಕ? ತಿಂದದ್ದಲ್ಲ, ಕುಡಿದದ್ದಲ್ಲ."

"ಮೊಣಕಾಲು ನೋವಿಗೆ ಮುಲಾಮು ಹಚ್ತೀಯಲ್ಲ? ಅದು ಚರ್ಮದಿಂದ ಒಳಗೆ ಹೋಗದೆ ನೋವು ಹೇಗೆ ಇಳಿಯುದು? ಒಳ್ಳೆಯದು ಹೋಗುವ ದಾರಿಯಲ್ಲೇ ಕೆಟ್ಟದ್ದೂ ಹೋಗ್ತದೆ."

"ಆದ್ರೆ ಅದು ಗಲ್ಫಿನ ಮಾಲು. ಅಲ್ಲಿ ಕಾನೂನು ಎಷ್ಟು ಬಿಗಿ ಉಂಟು!"

"ಕಾನೂನು ಪ್ರಕಾರ ಮಾಡಿದ್ದಾದ್ರೆ ಮಾಡಿದವನ ಹೆಸರು ಎಲ್ಲಿ? ವಿಳಾಸ ಎಲ್ಲಿ? ಒಳಗೆ ಎಂತೆಲ್ಲ ಹಾಕಿದ್ದಾರೆ ಅಂತ ಎಲ್ಲಿ ಬರ್ದಿದೆ? ಹೆಸರು ಹೇಳ್ಲಿಕ್ಕೆ ಹೆದರುವವನು ಮಾಡಿದ್ದನ್ನು ನಾವು ಮಕ್ಕಳ ಮುಖಕ್ಕೆ ಹಚ್ಚುದಾ?"

ಕುಶಲಾ ಹೇಳಿದ್ದು ಸರಿ ಎಂದು ವೆರೋನಿಕಾಳಿಗೆ ತಿಳಿಯಿತು. ಆದರೂ ಅವಳು ಎದ್ದು ಡಾಕ್ಟರ ಹತ್ತಿರ ಹೋಗಲಿಲ್ಲ. "ವಾಲ್ಟರ್ ಭಾವ ಪ್ರೀತಿಯಲ್ಲಿ ಕೊಟ್ಟದ್ದು," ಎಂದಳು. "ಎಂಟು ದಿನದಲ್ಲಿ ಅವರ ಮಗನ ಮದುವೆ. ಅವರ ಪೆಟ್ಟಿಗೆಯಲ್ಲಿ ವಿಷ ಇತ್ತು ಅಂತ ನಾನು ಹೇಗೆ ಹೇಳ್ಲಿ? ಡಾಕ್ಟ್ರು ಎಂತ ತಿಳ್ಕೊಳ್ತಾರೆ? ಮದುವೆ ಕಳೀಲಿ ಕುಶಲಕ್ಕ. ಹೇಗೂ ಮದ್ದು ಕೊಡ್ತಾ ಇದ್ದಾರಲ್ಲ."

ಆಗ ಮಂಚದಿಂದ ದನಿ ಬಂತು. ರೀಮಾಗೆ ನಿದ್ದೆ ಬಂದಿರಲಿಲ್ಲ.

"ಮಮ್ಮಿ, ನಾನು ಕೇಳಿದ್ದು ಲಿಪ್‌ಸ್ಟಿಕ್. ನನ್ನನ್ನು ಬಿಳಿ ಮಾಡು ಅಂತ ನಾನು ಕೇಳಲೇ ಇಲ್ಲ."

ಅವಳು ಅಳಲಿಲ್ಲ, ರೇಗಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿ ಗೋಡೆಯ ಕಡೆ ಮಗ್ಗುಲಾದಳು. ವೆರೋನಿಕಾ ಆ ಬೆನ್ನನ್ನು ನೋಡಿದಳು. ಅವಳು ಎದ್ದು, ಸೀರೆಯ ಸೆರಗಿನಲ್ಲಿ ಕಣ್ಣೊರೆಸಿಕೊಂಡು, ಡಾಕ್ಟರಮ್ಮನ ಕೋಣೆಗೆ ಹೋಗಿ ನಿಂತಳು.

"ಡಾಕ್ಟ್ರೇ, ನಾನು ಸುಳ್ಳು ಹೇಳಿದ್ದೆ. ಕ್ರೀಮ್ ಹಚ್ಚಿದ್ದೇನೆ. ಆರು ವಾರ ಆಯ್ತು. ನಾನೇ ಹಚ್ಚಿದ್ದು."

ಡಾಕ್ಟರಮ್ಮ ಬೈಯಲಿಲ್ಲ. ಪೆನ್ನು ಕೆಳಗಿಟ್ಟರು. "ಈಗಲಾದ್ರೂ ಹೇಳಿದ್ರಲ್ಲ. ಬಹಳ ತಾಯಂದಿರು ಕೊನೆಯವರೆಗೂ ಹೇಳುದಿಲ್ಲ. ಕಾರಣ ಗೊತ್ತಿಲ್ಲದೆ ನಾವು ಮದ್ದು ಕೊಡ್ತೇವೆ, ಮಕ್ಕಳು ಮನೆಗೆ ಹೋಗಿ ಅದೇ ಕ್ರೀಮ್ ಹಚ್ತಾರೆ. ಡಬ್ಬಿ ತರಿಸಿ. ಕಸಕ್ಕೆ ಹಾಕ್ಬೇಡಿ, ಸಿಂಕಿನಲ್ಲಿ ತೊಳೀಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿ ತನ್ನಿ. ಅವಳ ಟವೆಲು, ದಿಂಬಿನ ಕವರು ಬೇರೆಯವರು ಬಳಸುದು ಬೇಡ. ಮತ್ತೆ, ಹಚ್ಚಿದ್ದು ನಿಮ್ಮ ಬೆರಳಲ್ಲಿ ಅಲ್ವಾ? ನಿಮ್ಮ ರಕ್ತವನ್ನೂ ನೋಡ್ಬೇಕು."

ಸೂಜಿಯ ಪರೀಕ್ಷೆ ನಡೆಯಿತು. ಡಬ್ಬಿ ಪ್ರಯೋಗಾಲಯಕ್ಕೆ ಹೋಯಿತು. ರೀಮಾಳ ರಕ್ತವೂ ವೆರೋನಿಕಾಳ ರಕ್ತವೂ ಹೋಯಿತು. ವರದಿ ಬಂದಾಗ ಅನುಮಾನಕ್ಕೆ ಎಡೆ ಉಳಿಯಲಿಲ್ಲ. ಕ್ರೀಮಿನಲ್ಲಿ ಪಾದರಸ ಮಿತಿಗಿಂತ ಸಾವಿರಾರು ಪಟ್ಟು ಇತ್ತು. ಮಗಳ ರಕ್ತದಲ್ಲಿ ಬಹಳ, ತಾಯಿಯ ರಕ್ತದಲ್ಲಿ ಸ್ವಲ್ಪ.

ಆದರೆ ವರದಿ ಬರುವವರೆಗೆ ಕುಶಲಾ ಕಾಯಲಿಲ್ಲ. ವೆರೋನಿಕಾ ಡಾಕ್ಟರ ಕೋಣೆಯಿಂದ ಹೊರಗೆ ಬಂದ ಕೂಡಲೇ ಕುಶಲಾ ಕೇಳಿದ ಪ್ರಶ್ನೆ ಒಂದೇ. "ಆ ಪೆಟ್ಟಿಗೆಯಿಂದ ಇನ್ನು ಯಾರಿಗೆಲ್ಲ ಹೋಗಿದೆ?"

ವೆರೋನಿಕಾ ಬೆರಳು ಮಡಚಿ ಎಣಿಸತೊಡಗಿದಳು. ಲವಿಟಾ! ಮದುವೆಗೆ ಎಂಟು ದಿನ ಇರುವ ಹುಡುಗಿ ದಿನಕ್ಕೆ ಎರಡು ಸಲ ಹಚ್ಚುತ್ತಿರಬಹುದು.

ಅಲೆಕ್ಸ್ ಮತ್ತು ವೆರೋನಿಕಾ ಆಗಲೇ ರಿಕ್ಷಾ ಹಿಡಿದು ಕುಲಶೇಖರಕ್ಕೆ ಹೋದರು. ರೀಮಾಳ ಹತ್ತಿರ ಕುಶಲಾ ಕೂತಳು. ವಾಲ್ಟರನ ಅಂಗಳದಲ್ಲಿ ರೋಸಿನ ಚಪ್ಪರಕ್ಕೆ ಕಂಬ ನೆಡುತ್ತಿದ್ದರು. ಮದುವೆಯ ಮುಂಚಿನ ದಿನ ವರನಿಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರವೇ ರೋಸು. ವಿಷಯ ಕೇಳಿ ವಾಲ್ಟರ್ ಕೆಂಡಾಮಂಡಲವಾದ.

"ಇಪ್ಪತ್ತು ವರ್ಷ ಬಿಸಿಲಲ್ಲಿ ಬೆಂದು ನಿಮಗೆಲ್ಲ ತಂದು ಕೊಟ್ಟೆ. ಈಗ ನನ್ನ ಪೆಟ್ಟಿಗೆಯಲ್ಲಿ ವಿಷ ಉಂಟು ಅಂತ ಹೇಳ್ಲಿಕ್ಕೆ ಬಂದದ್ದಾ? ಅದೂ ಹುಡುಗಿಯ ಮನೆಯವರಿಗೆ ಹೇಳ್ಬೇಕಾ? ನನ್ನ ಮರ್ಯಾದೆ ಎಂತ ಆಗ್ಬೇಕು?"

ಅಲೆಕ್ಸ್ ಅಣ್ಣನ ಎದುರು ಎಂದೂ ಮಾತಾಡಿದವನಲ್ಲ. ಅಂದು ಮಾತಾಡಿದ. "ಅಣ್ಣ, ನೀನು ಗೊತ್ತಿದ್ದು ಕೊಟ್ಟದ್ದಲ್ಲ. ನಾವು ಗೊತ್ತಿದ್ದು ಹಚ್ಚಿದ್ದೂ ಅಲ್ಲ. ಆದ್ರೆ ಈಗ ಗೊತ್ತಾಗಿದೆ. ಇನ್ನು ಸುಮ್ಮನೆ ಕೂತ್ರೆ ಗೊತ್ತಿದ್ದೇ ಮಾಡಿದ ಹಾಗೆ. ನನ್ನ ಮಗಳು ಆಸ್ಪತ್ರೆಯಲ್ಲಿ ಮಲಗಿದ್ದಾಳೆ. ನಿನ್ನ ಸೊಸೆಯೂ ಮಲಗ್ಬೇಕಾ?"

ವಾಲ್ಟರ್ ಕೈಯಲ್ಲಿದ್ದ ಹಗ್ಗವನ್ನು ಕಂಬದ ಬುಡದಲ್ಲಿಟ್ಟ. ನಂತರ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದ. ಲವಿಟಾಳ ಮನೆಗೆ ಅವನೇ ಹೋದ. ಉಳಿದ ಮೂರು ಮನೆಗಳಿಗೂ ಅವನೇ ಹೋದ. ಹಂಚಿದ ಕೈಯಿಂದಲೇ ಡಬ್ಬಿಗಳನ್ನು ವಾಪಸು ಕೇಳಿ ತಂದು ಕುಶಲಾಳಿಗೆ ಒಪ್ಪಿಸಿದ. ಅಂಥ ಕೆಲಸ ಮಾಡಲು ದೊಡ್ಡ ಎದೆ ಬೇಕು, ಇದನ್ನು ಹೇಳಲೇಬೇಕು. ಲವಿಟಾಳ ಮೂತ್ರದಲ್ಲಿಯೂ ಪ್ರೋಟೀನು ಕಾಣಿಸಿಕೊಳ್ಳಲು ಶುರುವಾಗಿತ್ತು. ಶುರುವಿನಲ್ಲೇ ಗೊತ್ತಾದ್ದರಿಂದ ಕ್ರೀಮ್ ಬಿಟ್ಟು ಕೆಲವು ವಾರಗಳಲ್ಲಿ ಅದು ನಿಂತಿತು.

ಮದುವೆ ನಿಶ್ಚಯವಾದ ದಿನವೇ ನಡೆಯಿತು. ವಧುವಿನ ಹಿಂದೆ ನಡೆದದ್ದು ಬೇರೆ ಹುಡುಗಿ. ರೀಮಾ ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಉಪ್ಪಿಲ್ಲದ ಗಂಜಿಯ ಮುಂದೆ ಕೂತಿದ್ದಳು. ಗೌನು ಮನೆಯ ಕಪಾಟಿನಲ್ಲಿ ಕವರಿನೊಳಗೇ ಉಳಿಯಿತು. ಇಗರ್ಜಿಯ ಗಂಟೆ ಅಷ್ಟು ದೂರ ಕೇಳುವುದಿಲ್ಲ, ಆದರೂ ಗಡಿಯಾರದಲ್ಲಿ ನಾಲ್ಕಾದಾಗ ತಾಯಿಗೂ ಮಗಳಿಗೂ ಅಲ್ಲಿ ಏನು ನಡೆಯುತ್ತಿದೆ ಎಂದು ಗೊತ್ತಿತ್ತು.

ಮಾತ್ರೆ, ಪಥ್ಯ, ವಾರವಾರದ ಪರೀಕ್ಷೆ. ಬೇಸಿಗೆ ಪೂರ್ತಿ ಹೀಗೆಯೇ ಹೋಯಿತು. ಶಾಲೆಯಲ್ಲಿ ಒಂದೂವರೆ ತಿಂಗಳ ಪಾಠ ತಪ್ಪಿತು. ಕ್ರೀಮ್ ನಿಲ್ಲಿಸಿದ ಮೇಲೆ ಮುಖ ನಿಧಾನವಾಗಿ ತನ್ನ ಬಣ್ಣಕ್ಕೆ ಮರಳಿತು. ಜೂನಿನಲ್ಲಿ ಡಾಕ್ಟರಮ್ಮ ವರದಿ ನೋಡಿ, ಮೂತ್ರದಲ್ಲಿ ಪ್ರೋಟೀನು ಇಲ್ಲ ಎಂದರು. "ಎಲ್ಲ ಮಕ್ಕಳಿಗೂ ಹೀಗೆ ಪೂರ್ತಿ ವಾಸಿ ಆಗುದಿಲ್ಲ," ಎಂದೂ ಹೇಳಿದರು. ವೆರೋನಿಕಾ ಆ ಎರಡನೇ ಮಾತನ್ನು ಮರೆಯಲಿಲ್ಲ.

ಹೊರಡುವ ಮೊದಲು ಅವಳೇ ಕೇಳಿದಳು. "ಡಾಕ್ಟ್ರೇ, ಇನ್ನು ಇವಳು ಎಂತದ್ದೂ ಹಚ್ಚಬಾರದಾ? ಲಿಪ್‌ಸ್ಟಿಕ್ಕಿನ ಆಸೆ ಉಂಟು ಅವಳಿಗೆ."

"ಯಾಕೆ ಹಚ್ಚಬಾರದು? ಸ್ವಲ್ಪ ಹಚ್ಲಿ, ಸರಿಯಾದ್ದು ಹಚ್ಲಿ. ನೀವು ಬೇಡ ಅಂದ್ರೆ ಅವಳು ಗೆಳತಿಯದ್ದು ಹಚ್ತಾಳೆ. ಬಿಳಿ ಮಾಡುವಂಥದ್ದು ಮಾತ್ರ ಯಾವತ್ತೂ ಬೇಡ."

ಆ ಶನಿವಾರ ತಾಯಿ ಮಗಳು ಕುಶಲಾಳನ್ನೂ ಕರೆದುಕೊಂಡು ಹಲೀಮಾಳ ಫ್ಯಾನ್ಸಿ ಅಂಗಡಿಗೆ ಹೋದರು. ಒಂದು ಕಾಲದಲ್ಲಿ ವೆರೋನಿಕಾ ಮೂಗು ಮುರಿದ ಅಂಗಡಿ ಅದೇ. ರೀಮಾ ಮೊದಲು ಕೈ ಹಾಕಿದ್ದು ಗಾಢ ಕೆಂಪಿನ ಲಿಪ್‌ಸ್ಟಿಕ್ಕಿಗೆ. ಕುಶಲಾ ಅದನ್ನು ತಿರುಗಿಸಿ ಅವಳ ಕೈಯಲ್ಲೇ ಇಟ್ಟಳು.

"ಓದು ಬಾಲೆ. ಗಟ್ಟಿ ಓದು."

"ಹೆಸರು ಉಂಟು. ಎಕ್ಸ್‌ಪೈರಿ ಡೇಟ್... ಇಲ್ಲ. ಮಾಡಿದ್ದು ಎಲ್ಲಿ ಅಂತ... ಅದೂ ಇಲ್ಲ."

"ಹಾಗಾದ್ರೆ ಅಲ್ಲೇ ಇಡು. ಮಾಡಿದವರ ಹೆಸರು, ವಿಳಾಸ, ಬ್ಯಾಚ್ ನಂಬರ್, ತಾರೀಕು, ಒಳಗೆ ಎಂತ ಹಾಕಿದ್ದಾರೆ ಅನ್ನುದು, ಇಷ್ಟು ಇರ್ಲೇಬೇಕು. ಹೊರದೇಶದ್ದಾದ್ರೆ ತರಿಸಿದವರ ಹೆಸರು ಮತ್ತು ನೋಂದಣಿ ನಂಬರ್ ಕೂಡ. ಮರ್ಕ್ಯುರಿ, ಮರ್ಕ್ಯುರಿಕ್, ಕ್ಯಾಲೊಮೆಲ್ ಅಂತ ಎಲ್ಲಿ ಕಂಡ್ರೂ ಮುಟ್ಟಬೇಡ, ಎಲ್ಲ ಪಾದರಸದ್ದೇ ಹೆಸರು. ಎಂತದ್ದೂ ಬರೀದೇ ಇದ್ರೆ ಇನ್ನೂ ಮುಟ್ಟಬೇಡ."

ಹಲೀಮಾ ಗಲ್ಲಾದ ಹಿಂದೆ ಕೂತು ಇದನ್ನೆಲ್ಲ ಕೇಳುತ್ತಿದ್ದಳು. ಕೋಪ ಮಾಡಿಕೊಳ್ಳಲಿಲ್ಲ. ಆ ಕೆಂಪು ಲಿಪ್‌ಸ್ಟಿಕ್ಕನ್ನು ಎತ್ತಿ ತಾನೇ ಓದಿದಳು, ಅದರ ಇಡೀ ಸಾಲನ್ನೇ ತೆಗೆದು ಮೇಜಿನ ಕೆಳಗಿಟ್ಟಳು. "ಕಂಪೆನಿಯವನು ಬರ್ಲಿ, ವಾಪಸು ಕೊಡ್ತೇನೆ," ಎಂದಳು.

ಒಂದೊಂದನ್ನೂ ಓದಿ ರೀಮಾ ಆರಿಸಿದ್ದು ಬಿಸಿಲಿಗೆ ಹಚ್ಚುವ ಸನ್‌ಸ್ಕ್ರೀನ್, ತುಸು ಗುಲಾಬಿ ಬಣ್ಣದ ಲಿಪ್ ಬಾಮ್, ಒಂದು ಕಾಡಿಗೆ. ಮೊದಲು ಮೊಣಕೈಯ ಒಳಮೈಗೆ ಚೂರು ಹಚ್ಚಿ ಎರಡು ದಿನ ಕಾಯಬೇಕು, ತುರಿಸಿದರೆ ಬಿಡಬೇಕು ಎಂದು ಕುಶಲಾ ಹೇಳಿದಳು. ಕಾಡಿಗೆ, ಲಿಪ್ ಬಾಮ್ ಎಷ್ಟೇ ಆಪ್ತ ಗೆಳತಿಯಾದರೂ ಹಂಚಿಕೊಳ್ಳಬಾರದು, ಕಣ್ಣುಬೇನೆ ಬಾಯಿಹುಣ್ಣು ಹಾಗೆಯೇ ಹರಡುತ್ತದೆ. ಮಲಗುವ ಮುಂಚೆ ಮುಖ ತೊಳೆಯದೆ ಇರಬಾರದು.

"ಒಂದು ಸಣ್ಣ ಫೇಸ್ ಪೌಡರೂ ತಗೊಳ್ಲಾ ಮಮ್ಮಿ?"

ತಾಯಿ ಹೂಂ ಎಂದಳು. ಹಲೀಮಾ ರೀಮಾಳ ಮುಖ ಒಮ್ಮೆ ನೋಡಿ, ರೂಢಿಯಂತೆ ಎರಡು ಮೆಟ್ಟಿಲು ಬಿಳಿಯಾದ ಪೌಡರನ್ನು ಮುಂದಿಟ್ಟಳು. "ಎಲ್ಲರೂ ಇದನ್ನೇ ಕೇಳುದು ಟೀಚರ್. ಸ್ವಲ್ಪ ಬೆಳ್ಳಗೆ ಕಾಣ್ತದೆ."

"ಅದು ಬೇಡ ಹಲೀಮಾ," ಎಂದಳು ವೆರೋನಿಕಾ. "ಇವಳ ಬಣ್ಣದ್ದು ಕೊಡಿ."

ಹಲೀಮಾ ಹಿಂದಿನ ಸಾಲಿನಿಂದ ಇನ್ನೊಂದು ತೆಗೆದು ರೀಮಾಳ ಕೆನ್ನೆಯ ಪಕ್ಕ ಹಿಡಿದು ನೋಡಿದಳು. ನಂತರ ತಾಯಿಯ ಕಡೆ ತಿರುಗಿದಳು. "ಇದು ಸರಿ ಆಗ್ತದೆ. ನಿಮಗೂ ಇದೇ ಆಗ್ತದೆ ಟೀಚರ್, ಇಬ್ಬರದ್ದೂ ಒಂದೇ ಬಣ್ಣ."

"ಹೌದು," ಎಂದಳು ವೆರೋನಿಕಾ. "ಒಂದೇ." ಅಷ್ಟು ವರ್ಷಗಳಲ್ಲಿ ಆ ಮಾತನ್ನು ತಲೆ ಎತ್ತಿ ಹೇಳಿದ್ದು ಅವಳು ಅಂದೇ. ರೀಮಾ ತಾಯಿಯ ತೋಳು ಹಿಡಿದು ನಿಂತಳು.

ಓದುತ್ತಿರುವ ಅಮ್ಮಂದಿರೇ, ಅಕ್ಕಂದಿರೇ, ಗಲ್ಫಿನಿಂದ ಪ್ರೀತಿಯಿಂದ ಪೆಟ್ಟಿಗೆ ಹೊತ್ತು ತರುವ ಅಣ್ಣಂದಿರೇ, ಈ ಹಾಳೆಯನ್ನು ಮಡಚಿ ಇಡುವ ಮೊದಲು ಎದ್ದು ನಿಮ್ಮ ಮನೆಯ ಕಪಾಟು ತೆರೆದು ನೋಡಿ. ಹೆಸರು ವಿಳಾಸ ಇಲ್ಲದ ಕ್ರೀಮ್ ಇದ್ದರೆ ಇವತ್ತೇ ಹಚ್ಚುವುದು ನಿಲ್ಲಿಸಿ, ಬಿಗಿಯಾಗಿ ಕಟ್ಟಿ ನಿಮ್ಮ ಆಶಾ ಕಾರ್ಯಕರ್ತೆಗೆ ಅಥವಾ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕೊಡಿ. ಅದು ಯಾರು ಕೊಟ್ಟದ್ದಾದರೂ ಸರಿ, ಎಷ್ಟು ಬೆಲೆಯದ್ದಾದರೂ ಸರಿ. ಮಗಳ ಕಣ್ಣು ಊದಿದ್ದರೆ, ಕಾಲಿನಲ್ಲಿ ಗುಳಿ ಬಿದ್ದರೆ, ಮೂತ್ರದಲ್ಲಿ ನೊರೆ ಬಂದರೆ ಅಂದೇ ಆಸ್ಪತ್ರೆಗೆ ಹೋಗಿ. ಡಾಕ್ಟರು ಕೇಳಿದಾಗ ನಾಚಿಕೊಳ್ಳದೆ ಎಲ್ಲವನ್ನೂ ಹೇಳಿ.

ಮಗಳು ಮೊದಲ ಸಲ ಮೇಕಪ್ ಕೇಳಿದ ದಿನ ಬೈದು ಕಳುಹಿಸಬೇಡಿ. ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವಳಿಗೆ ಏನು ಬೇಕು ಎಂದು ಕೇಳಿ, ಒಟ್ಟಿಗೆ ಅಂಗಡಿಗೆ ಹೋಗಿ, ಒಟ್ಟಿಗೆ ಓದಿ. ಮತ್ತು ಅವಳು ಕೇಳದೆ ಇದ್ದದ್ದನ್ನು ಅವಳ ಮುಖಕ್ಕೆ ಹಚ್ಚಬೇಡಿ. ಅವಳ ಬಣ್ಣದಲ್ಲಿ ಸರಿಪಡಿಸಬೇಕಾದದ್ದು ಏನೂ ಇಲ್ಲ ಎಂದು ಅವಳಿಗೆ ಮೊದಲು ಹೇಳಬೇಕಾದವರು ನೀವು.